ಐದನೇ ಪೆಟ್ಟಿಗೆ

ನಮ್ಮ ಮನೆಯವರನ್ನು ಆಫೀಸಿನಲ್ಲಿ ಎಲ್ಲರೂ ‘ತಕ್ಕಡಿ’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಮುಖದ ಮುಂದೆಯೇ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತ ಮನುಷ್ಯ ಅವರು. ಕೌಂಟರಿನ ಮೇಲೆ ತೂಕದ ಯಂತ್ರ ಇದ್ದೇ ಇತ್ತು. ಆದರೂ ಪಾರ್ಸೆಲನ್ನು ಮೊದಲು ಎರಡೂ ಕೈಯಲ್ಲಿ ಎತ್ತಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಿಸಿ, “ಎರಡು ಕೆಜಿ ನೂರು” ಎನ್ನುವರು. ಆಮೇಲೆ ಯಂತ್ರದ ಮೇಲಿಟ್ಟರೆ ಅದೂ ಹೂಂಗುಟ್ಟುತ್ತಿತ್ತು. ತೂಕವೊಂದೇ ಅಲ್ಲ, ಒಳಗೇನಿದೆ ಎಂಬುದನ್ನೂ ಹೇಳುವರು. ಪುಸ್ತಕ ಓಲಾಡುವ ರೀತಿ ಬೇರೆ, ಬಟ್ಟೆಯ ರೀತಿ ಬೇರೆ, ಕಾಳಿನ ರೀತಿ ಬೇರೆಯಂತೆ. ಮಗಳು ಚಿಕ್ಕವಳಿದ್ದಾಗ ಡಬ್ಬಿಯಲ್ಲಿ ಗುಂಡಿ, ಸಕ್ಕರೆ, ಪೆನ್ಸಿಲ್ ಚೂರು ಎಂದು ಏನೇನೋ ತುಂಬಿ, ಮೇಲೊಂದು ಟವೆಲ್ ಸುತ್ತಿ ತಂದು ಪರೀಕ್ಷೆ ಮಾಡುತ್ತಿದ್ದಳು. ಒಂದು ಸಲವೂ ಅವರು ಸೋತಿದ್ದನ್ನು ನಾನು ಕಾಣೆ. ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಮಾಡಿದ ಘನಂದಾರಿ ಕೆಲಸ ಕೇಳಿ.

ಅದಕ್ಕೆ ಮೊದಲು ಅವರ ಹಟದ ಬಗ್ಗೆ ಒಂದು ಮಾತು ಹೇಳಬೇಕು. ಪಾರ್ಸೆಲಿನ ಮೇಲೆ ಅಂಟಿಸುವ ಫಾರಮ್ಮಿನಲ್ಲಿ ‘ಒಳಗಿರುವ ವಸ್ತು’ ಎಂದೊಂದು ಜಾಗ ಇರುತ್ತದೆ. ಎಲ್ಲರೂ ‘ಸಾಮಾನು’ ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಇವರು ಬಿಡಬೇಕಲ್ಲ! “ಸಾಮಾನು ಅಂದ್ರೆ ಏನ್ರೀ? ಚಮಚಾನೂ ಸಾಮಾನೇ, ಚಾಕೂನೂ ಸಾಮಾನೇ. ಇದ್ದದ್ದು ಬರೀರಿ.” ಸ್ವಂತ ತಂಗಿ ಚಪ್ಪಲಿ ಕಟ್ಟಿ ‘ಉಡುಗೊರೆ’ ಎಂದು ಬರೆದಿದ್ದಕ್ಕೆ ಅವಳನ್ನು ಸಾಲಿನ ಕೊನೆಗೆ ಕಳಿಸಿದ್ದರು. ಅವಳು ಆರು ತಿಂಗಳು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಅದೇ ಫಾರಮ್ಮಿನ ಕೆಳಗೆ ‘ಪಡೆಯುವವರು ಸಿಗದಿದ್ದರೆ’ ಎಂದು ಇನ್ನೊಂದು ಸಾಲು, ಪಕ್ಕದಲ್ಲಿ ಎರಡು ಪುಟ್ಟ ಚೌಕ: ‘ವಾಪಸ್ ಕಳಿಸಿ’, ‘ಬಿಟ್ಟುಬಿಡಿ’. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ದಿನಕ್ಕೆ ನೂರು ಸಲ ಅದನ್ನೇ ಕೇಳಿ ಕೇಳಿ ಒಮ್ಮೆ ನಿದ್ದೆಯಲ್ಲಿ ನನ್ನನ್ನೂ ಕೇಳಿದ್ದರು: “ಸಿಗದಿದ್ರೆ ವಾಪಸ್ಸಾ, ಬಿಡೋದಾ?” ನಾನು, “ಬಿಟ್ಟುಬಿಡಿ, ಮಲಗಿ” ಎಂದಿದ್ದೆ.

ಬೆಟ್ಟದ ಹುಚ್ಚು ಅವರಿಗೆ ಹಿಡಿದದ್ದೂ ಆ ಕೌಂಟರಿನಲ್ಲೇ. ಉತ್ತರದ ಬೆಟ್ಟಸಾಲಿನ ಮೇಲೆ ಏಳು ಊರುಗಳಿವೆ, ಏಳಕ್ಕೂ ಒಂದೊಂದು ಅಂಚೆ ಕಚೇರಿ. ಊರಿಂದೂರಿಗೆ ಕಾಲುದಾರಿ. ಪೂರ್ತಿ ನಡೆಯಲು ನಲವತ್ತೊಂಬತ್ತು ದಿನ ಬೇಕು, ವಾರಕ್ಕೊಂದು ಊರು ಸಿಗುತ್ತದೆ. ಆ ಏಳು ಕಚೇರಿಗಳ ಅಂಚೆ ಚೀಲಗಳು ಇವರ ಕೈ ಮೂಲಕವೇ ಹಾದುಹೋಗುತ್ತಿದ್ದವು. ಯಾವ ಊರಿನ ಮೊಹರು ಹೇಗೆ ಬೀಳುತ್ತದೆ ಎಂಬುದು ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ನಾಲ್ಕನೇ ಊರಿನ ಮೊಹರಿನ ಅಂಚು ಒಡೆದಿತ್ತು. ಮೂವತ್ತು ವರ್ಷದಿಂದ ಅದೇ ಒಡಕು, ಅದೇ ಜಾಗದಲ್ಲಿ. “ಒಂದು ಹೊಸಾ ಮೊಹರು ಮಾಡಿಸ್ಕೊಳ್ಳಕ್ಕೆ ಏನು ಧಾಡಿ ಇವ್ರಿಗೆ?” ಎಂದು ಬೈಯುವರು. ಮರುಕ್ಷಣವೇ, “ಅದನ್ನೊಂದ್ಸಲ ಕೈಯಲ್ಲಿ ಹಿಡಿದು ನೋಡ್ಬೇಕು ಕಣೇ” ಎನ್ನುವರು.

ಇನ್ನೊಂದು ಆಸೆಯನ್ನು ನನ್ನೊಬ್ಬಳ ಹತ್ತಿರ ಮಾತ್ರ ಹೇಳಿದ್ದರು. ಇಡೀ ಊರಿನ ಪಾರ್ಸೆಲ್ ಎತ್ತಿದ ಮನುಷ್ಯನಿಗೆ ತನ್ನ ಹೆಸರಿಗೆ ಒಂದೇ ಒಂದು ಪಾರ್ಸೆಲ್ ಬಂದಿರಲಿಲ್ಲ. ಆ ದಾರಿಯಲ್ಲಿ ನಡೆಯುವವರು ತಿನ್ನುವ ಪದಾರ್ಥವನ್ನೆಲ್ಲ ಬೆನ್ನ ಮೇಲೆ ಹೊರಲಾರರು. ಹೊರಡುವ ಮುಂಚೆಯೇ ಒಂದೊಂದು ಊರಿಗೂ ತಮ್ಮ ಹೆಸರಿಗೇ ಒಂದೊಂದು ಪೆಟ್ಟಿಗೆ ಕಳಿಸಿಕೊಂಡಿರುತ್ತಾರೆ. “ಕೌಂಟರಿನ ಆ ಕಡೆ ನಿಂತು, ನನ್ನ ಪಾರ್ಸೆಲ್ ಕೊಡಪ್ಪಾ ಅಂತ ಕೇಳ್ಬೇಕು. ಏಳು ಸಲ!” ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನಿವೃತ್ತಿಗೆ ಆರು ತಿಂಗಳಿರುವಾಗ ತಯಾರಿ ಶುರುವಾಯಿತು. ನಾವಿರುವುದು ನಾಲ್ಕು ಅಂತಸ್ತಿನ ಕಟ್ಟಡದ ಎರಡನೇ ಮಹಡಿ. ಮಗಳು ಮದುವೆಯಾಗಿ ಹೋದಮೇಲೆ ಇಬ್ಬರಿಗೂ ಅಡುಗೆಮನೆ, ಒಂದು ಕೋಣೆ, ಒಂದು ಕಿಟಕಿ ಸಾಕಾಗಿತ್ತು. ಬೆಳಿಗ್ಗೆ ಐದೂವರೆಗೆ ಹೊಸ ಬೂಟು ಹಾಕಿಕೊಂಡು, ಬೆನ್ನಿನ ಚೀಲದಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿಯುವರು. ಧಡ್ ಧಡ್ ಧಡ್! ಮೇಲಿನ ಮನೆ ಮೇಷ್ಟ್ರು ಬಾಗಿಲು ತೆಗೆದು, “ಸಾರ್, ಬೆಟ್ಟ ಸಿಕ್ತಾ, ಇನ್ನೂ ಹುಡುಕ್ತಿದ್ದೀರಾ?” ಎಂದು ಕಾಲೆಳೆಯುವರು. ಇವರು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಭಾರ ಕಡಿಮೆ ಮಾಡಬೇಕೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಗರಗಸದಿಂದ ಕತ್ತರಿಸಿದರು. ಅಂಗಿಯ ಕಾಲರಿನ ಚೀಟಿ ಕಿತ್ತರು. ನನ್ನ ಬಾಚಣಿಗೆಯನ್ನೂ ಎರಡು ತುಂಡು ಮಾಡಲು ಬಂದಾಗ, “ನಾನೆಲ್ಲಿಗೂ ಹೋಗ್ತಿಲ್ಲ, ನನ್ನ ಸಾಮಾನಿಗೆ ಕೈ ಹಾಕ್ಬೇಡಿ” ಎಂದು ರೇಗಿದೆ.

ಪೆಟ್ಟಿಗೆಯ ಕೆಲಸ ನನ್ನದು. ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದೇನೆ. ವಾರ್ಡುಗಳ ಹಾಸಿಗೆ ಬಟ್ಟೆ ಎಣಿಸುವುದು, ಹರಿದದ್ದನ್ನು ಬೇರೆ ಇಡುವುದು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ಕ್ಯಾರೆಟ್, ಬೀನ್ಸ್, ಸೇಬು ತೆಳ್ಳಗೆ ಹೆಚ್ಚಿ ತಾರಸಿಯ ಮೇಲೆ ಒಣಹಾಕುತ್ತಿದ್ದೆ. ಹೆಚ್ಚಿ ಹೆಚ್ಚಿ ಹೆಬ್ಬೆರಳು ಜಡ್ಡುಗಟ್ಟಿತು. ಒಂದು ಬುಟ್ಟಿ ತರಕಾರಿ ಒಣಗಿದರೆ ಒಂದು ಹಿಡಿ. ಜೊತೆಗೆ ಬಟಾಣಿ, ಓಟ್ಸು, ಒಣದ್ರಾಕ್ಷಿ, ಹಾಲಿನ ಪುಡಿ. ಒಂದು ಪೆಟ್ಟಿಗೆಗೆ ಸರಿಯಾಗಿ ಮೂರು ಕೆಜಿ ಇನ್ನೂರು ಗ್ರಾಂ, ಒಂದು ವಾರದ ಊಟ. ಬೈದುಕೊಂಡೇ ಮಾಡಿದೆ. ಖುಷಿಯಿಂದಲೂ ಮಾಡಿದೆ, ಸುಳ್ಳು ಯಾಕೆ ಹೇಳಲಿ. ನಾಲ್ಕು ಪೆಟ್ಟಿಗೆ ತುಂಬಿ, ಕಟ್ಟಿ, ಮಂಚದ ಕೆಳಗೆ ತಳ್ಳಿದ್ದೆವು.

ಆಗ ಅವರ ಕೆಮ್ಮು ಜೋರಾಯಿತು. ಮೂರನೇ ಮಹಡಿಯಲ್ಲಿ ನಿಂತು ಗೋಡೆ ಹಿಡಿದುಕೊಳ್ಳತೊಡಗಿದರು. ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೆ ಮಾತ್ರೆ ಬರೆದುಕೊಟ್ಟು, “ನೋಡೋಣ” ಎಂದರು. ಮರುದಿನ ಎದೆಯ ಎಕ್ಸ್‌ರೇ ಫಿಲಂ ಹಿಡಿದುಕೊಂಡು ತಾವೇ ನನ್ನ ಬಟ್ಟೆ ಕೋಣೆಗೆ ಬಂದರು. ಡಾಕ್ಟರು ಅಲ್ಲಿಯವರೆಗೆ ಬಂದದ್ದು ನೋಡಿ ಎಣಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ.

“ಶ್ವಾಸಕೋಶ ಗಟ್ಟಿಯಾಗ್ತಾ ಇದೆ ಅಮ್ಮಾ. ಇದಕ್ಕೆ ಮದ್ದಿಲ್ಲ. ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ.”

“ಬೆಟ್ಟಕ್ಕೆ ಹೊರಟಿದ್ದಾರಲ್ಲ ಡಾಕ್ಟ್ರೇ.”

ದಾರಿ ಹೇಗಿದೆ ಎಂದು ಕೇಳಿದರು. ಹೇಳಿದೆ. ನಾಲ್ಕನೇ ಊರಿನವರೆಗೆ ದಾರಿ ಕಣಿವೆಯಲ್ಲೇ ಹೋಗುತ್ತದೆ, ಅಲ್ಲಿಂದ ಮುಂದೆ ಏರು. ಡಾಕ್ಟರು ಸ್ವಲ್ಪ ಯೋಚಿಸಿ, “ಈಗಲೇ ಹೊರಟು, ನಿಧಾನವಾಗಿ ನಡೆದ್ರೆ, ನಾಲ್ಕರವರೆಗೆ ಹೋಗಬಹುದು. ಮೇಲಕ್ಕೆ ಮಾತ್ರ ಹತ್ತಲೇಬಾರದು. ನೀವೇ ಕೂರಿಸಿಕೊಂಡು ಹೇಳಿ. ಇನ್ನೊಂದು ವರ್ಷ ಕಾದ್ರೆ ಈ ಮೆಟ್ಟಿಲೂ ಆಗಲ್ಲ” ಎಂದರು.

ಹೇಳಲಿಲ್ಲ ನಾನು. ಮೂರು ಸಲ ಬಾಯಿ ತೆರೆದೆ. ಒಂದು ಸಲ ಅವರು ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು, ಒಂದು ಸಲ ನಕ್ಷೆ ಹರಡಿಕೊಂಡಿದ್ದರು, ಇನ್ನೊಂದು ಸಲ ಸುಮ್ಮನೆ ಕೂತಿದ್ದರು, ಅದು ಎಲ್ಲಕ್ಕಿಂತ ಕಷ್ಟವಾಯಿತು. ನಾಲ್ಕು ಎಂದರೆ ಯಾಕೆ ನಾಲ್ಕು ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಹೊರಟರೆ ವರ್ಷದ ಲೆಕ್ಕ ಬಾಯಿಗೆ ಬರುತ್ತದೆ. ಮಗಳಿಗೆ ಫೋನು ಮಾಡಿದೆ. ಅವಳು ಅತ್ತು, “ಹೇಳ್ಬೇಡಮ್ಮ, ಅಪ್ಪ ಕುಸಿದು ಹೋಗ್ತಾರೆ” ಎಂದಳು. ನನಗೂ ಅದೇ ಬೇಕಾಗಿತ್ತು. ಹೇಡಿ ನಾನು. ಹೇಗೂ ಅವರಿಗೇ ಸುಸ್ತಾಗುತ್ತದೆ, ತಾವಾಗಿಯೇ ಬಿಡುತ್ತಾರೆ ಎಂದುಕೊಂಡು ದಿನ ತಳ್ಳಿದೆ.

ಅವರು ಬಿಡಲಿಲ್ಲ. “ಇನ್ನು ಮೂರು ಪೆಟ್ಟಿಗೆ ಬಾಕಿ, ನೆನಪಿದೆಯಾ?” ಎಂದು ದಿನಾ ಕೇಳತೊಡಗಿದರು. ಒಂದು ಮಧ್ಯಾಹ್ನ ಕ್ಯಾರೆಟ್ಟು ಮುಂದಿಟ್ಟುಕೊಂಡು ಕೂತೆ. ಚಾಕು ಓಡಲಿಲ್ಲ. ಯಾರಿಗಾಗಿ ಹೆಚ್ಚಲಿ? ಅವರು ಯಾವತ್ತೂ ತಲುಪದ ಊರಿಗೆ, ಯಾವತ್ತೂ ತಿನ್ನದ ಊಟವನ್ನು ಬೆಟ್ಟದ ಮೇಲೆ ಹುಳು ಹಿಡಿಯಲೆಂದು ಕಳಿಸಲೇ? ಎದ್ದು ಮೂಲೆಯಲ್ಲಿದ್ದ ಹಳೇ ಪತ್ರಿಕೆಯ ಕಟ್ಟು ತೆಗೆದೆ. ಐದನೆಯದಕ್ಕೆ ಪತ್ರಿಕೆ ತುಂಬಿ, ಮೇಲೆ ಒಂದು ಹರಿದ ಹಾಸಿಗೆ ಬಟ್ಟೆ ತುರುಕಿದೆ. ಆರು, ಏಳಕ್ಕೂ ಹಾಗೆಯೇ. ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಮೂರೂ ಪೆಟ್ಟಿಗೆಯನ್ನು ಮೂರು ಕೆಜಿ ಇನ್ನೂರಕ್ಕೆ ಸರಿಮಾಡಿದೆ, ಒಂದು ಹಾಳೆ ಹೆಚ್ಚಿಲ್ಲ, ಒಂದು ಹಾಳೆ ಕಡಿಮೆಯಿಲ್ಲ. ದಾರ ಬಿಗಿದು ಕಟ್ಟಿದೆ. ತೂಕ ಸರಿಯಿದ್ದರೆ ನಮ್ಮ ‘ತಕ್ಕಡಿ’ಗೆ ಏನು ತಿಳಿದೀತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವರ ಸರ್ವೀಸಿನ ಕೊನೆಯ ದಿನ ಬೆಳಿಗ್ಗೆ ಬಾಡಿಗೆ ಗಾಡಿ ಬಂತು. ಏಳನ್ನೂ ತಮ್ಮ ಕೈಯಿಂದಲೇ ಪೋಸ್ಟ್ ಮಾಡಿ ಎದ್ದು ಬರಬೇಕೆನ್ನುವುದು ಅವರ ಆಸೆ. ಒಂದೊಂದೇ ಎತ್ತಿ ಬಾಗಿಲ ಹತ್ತಿರ ಇಟ್ಟರು. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಎತ್ತಿ ನಿಂತರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಿಸಿದರು. ಉಸಿರು ಕಟ್ಟಿತೇನೋ ಎಂದುಕೊಂಡು ಓಡಿಬಂದೆ.

“ಇದ್ರಲ್ಲೇನಿದೆ?”

“ಅದೇರೀ. ಬಟಾಣಿ, ಕ್ಯಾರೆಟ್ಟು.”

“ಹೂಂ” ಎಂದು ಕೆಳಗಿಟ್ಟರು. ಆರು, ಏಳನ್ನು ಓಲಿಸಲಿಲ್ಲ. ಸುಮ್ಮನೆ ಎತ್ತಿ ಇಟ್ಟರು. ಸಂಜೆ ಆಫೀಸಿನವರು ಕೊಟ್ಟ ಗೋಡೆ ಗಡಿಯಾರ ಹಿಡಿದುಕೊಂಡು ಬಂದರು. “ಎಲ್ಲಾ ಹೋಯ್ತು” ಎಂದಷ್ಟೇ ಹೇಳಿದರು.

ಹದಿನೈದು ದಿನ ಬಿಟ್ಟು ಹೊರಡುವುದೆಂದು ನಿಶ್ಚಯವಾಗಿತ್ತು. ಆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಚೀಲ ಬಾಗಿಲಿಗೆ ಒರಗಿಸಿ, ಸ್ಟೂಲಿನ ಮೇಲೆ ಕೂತು ಎಡಗಾಲಿಗೆ ಬೂಟು ಹಾಕಿ ದಾರ ಕಟ್ಟಿದರು. ಬಲಗಾಲಿನದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತರು. ಆಮೇಲೆ ಎಡಗಾಲಿನದನ್ನೂ ಬಿಚ್ಚಿದರು.

“ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ ಕಣೇ. ಆಗಲ್ಲ.”

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮೊಣಕಾಲಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಿಸಿ ನೀರಿನ ಚೀಲ ತಂದೆ, ಎಣ್ಣೆ ತಿಕ್ಕಿದೆ, “ಮುಂದಿನ ವರ್ಷ ಹೋದರಾಯ್ತು ಬಿಡಿ” ಎಂದೂ ಅಂದೆ. ಹೌದು, ಆ ಮಾತನ್ನೂ ಆಡಿದೆ. ಅವರು ನನ್ನ ಮುಖ ನೋಡಿ, “ಆಗ್ಲಿ” ಎಂದರು.

ಅವರು ಹೋಗದಿದ್ದರೂ ಪೆಟ್ಟಿಗೆಗಳು ಹೋಗಿದ್ದವಲ್ಲ. ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ‘ಇಂಥ ದಿನದವರೆಗೆ ಇಟ್ಟುಕೊಳ್ಳಿ’ ಎಂದು ಬರೆದಿದ್ದರು, ಒಂದೊಂದಕ್ಕೂ ಒಂದು ವಾರ ಅಂತರ. ಗಡುವು ಮುಗಿದಂತೆ ಅವು ವಾರಕ್ಕೊಂದರಂತೆ ಮನೆ ಬಾಗಿಲಿಗೆ ಬರತೊಡಗಿದವು. ಪೋಸ್ಟ್‌ಮ್ಯಾನ್ ಇವರ ಹಳೆಯ ಜೊತೆಗಾರ. “ತಕ್ಕಡಿ ಸಾಹೇಬ್ರೇ, ನಿಮಗೊಂದು ಪಾರ್ಸೆಲ್!” ಎಂದು ಮೊದಲ ಸಲ ಕೂಗಿದಾಗ ಅವನ ಮುಖದಲ್ಲೂ ನಗು ಇರಲಿಲ್ಲ. ಇವರು ಸಹಿ ಹಾಕಿ, ಮೊಹರನ್ನು ಹೆಬ್ಬೆರಳಿಂದ ಸವರಿ, ಪೆಟ್ಟಿಗೆಯನ್ನು ನನ್ನ ಕಡೆ ತಳ್ಳುತ್ತಿದ್ದರು. ನಾಲ್ಕನೆಯದು ಬಂದಾಗ ಒಡಕು ಮೊಹರಿದ್ದ ಮುಚ್ಚಳವನ್ನು ಕತ್ತರಿಸಿ ತೆಗೆದು ಕಿಟಕಿಯ ಹತ್ತಿರ ಇಟ್ಟುಕೊಂಡರು. ಒಣತರಕಾರಿಯನ್ನು ನಾನು ನೆನೆಸಿ ಬೇಯಿಸಿದೆ. ಎರಡು ಚಮಚ ತಿಂದು, ಚೆನ್ನಾಗಿದೆ ಎಂದರು. ಅಷ್ಟು ಹೊತ್ತಿಗೆ ಕಿಟಕಿಯಿಂದ ಬಚ್ಚಲಿಗೆ ನಡೆಯಲು ನಡುವೆ ಒಂದು ಸಲ ಕೂರಬೇಕಾಗುತ್ತಿತ್ತು. ಮೊಣಕಾಲಿನ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಐದನೇ ವಾರ ನಾನು ರಜೆ ಹಾಕಿ ಮನೆಯಲ್ಲೇ ಕಾದೆ. ಪೆಟ್ಟಿಗೆ ಬಂದ ಕೂಡಲೇ ಅಡಗಿಸಬೇಕೆಂದು. ಬರಲಿಲ್ಲ. ಆರನೇ ವಾರವೂ ಇಲ್ಲ, ಏಳನೆಯ ವಾರವೂ ಇಲ್ಲ. ಎಲ್ಲೋ ಕಳೆದುಹೋದವು, ಬದುಕಿದೆ ಎಂದುಕೊಂಡೆ. ಹತ್ತನೇ ವಾರ, ಒಂದು ಶನಿವಾರ ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಐದನೇ ಪೆಟ್ಟಿಗೆ. ಇವರು ಒಳಗೆ ಮಂಪರಿನಲ್ಲಿದ್ದರು. ನಾನೇ ಸಹಿ ಹಾಕಿ ಅಡುಗೆಮನೆಗೆ ಒಯ್ದೆ.

ದಾರದ ಗಂಟು ನನ್ನದಾಗಿರಲಿಲ್ಲ. ಅದು ಅವರ ಗಂಟು, ಪಾರ್ಸೆಲ್ ಕೌಂಟರಿನ ಗಂಟು. ಬಿಚ್ಚಿ ನೋಡಿ ಮತ್ತೆ ಕಟ್ಟಿದ್ದರು. ಮೇಲೊಂದು ಚೀಟಿ ಅಂಟಿಸಿತ್ತು. ಐದನೇ ಊರಿನ ಪೋಸ್ಟ್ ಮಾಸ್ತರರು ಬರೆದದ್ದು: “ಹಿರಿಯರೇ, ಚೀಲದ ಚೀಟಿಗಳ ಮೇಲಿನ ನಿಮ್ಮ ಅಕ್ಷರ ನನಗೆ ಇಪ್ಪತ್ತು ವರ್ಷದ ಪರಿಚಯ. ಫಾರಮ್ಮಿನಲ್ಲಿ ‘ಬಿಟ್ಟುಬಿಡಿ’ ಎಂಬುದಕ್ಕೆ ಗುರುತು ಹಾಕಿದ್ದೀರಿ. ಕೈತಪ್ಪಿ ಆಗಿರಬೇಕು. ನಿಮ್ಮ ಪಾರ್ಸೆಲನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಒಮ್ಮೆ ಇತ್ತ ಬನ್ನಿ.”

ಚೀಟಿಯ ಕೆಳಗೆ ಫಾರಂ. ‘ಒಳಗಿರುವ ವಸ್ತು’ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಇದ್ದದ್ದನ್ನೇ ಬರೆದಿದ್ದರು: ಹಳೇ ಪತ್ರಿಕೆ, ಹರಿದ ಹಾಸಿಗೆ ಬಟ್ಟೆ ಒಂದು. ಮೊದಲ ನಾಲ್ಕರಲ್ಲಿ ‘ವಾಪಸ್ ಕಳಿಸಿ’ ಎಂಬುದಕ್ಕೆ ಗುರುತಿತ್ತು, ನಾನು ನೋಡಿದ್ದೆ. ಇದರಲ್ಲಿ ‘ಬಿಟ್ಟುಬಿಡಿ’. ನನ್ನ ಸುಳ್ಳು ಮನೆಗೆ ತಿರುಗಿ ಬರಬಾರದು, ನಾನು ಸಿಕ್ಕಿಬೀಳಬಾರದು ಎಂದು ಹಾಗೆ ಮಾಡಿದ್ದರು. ನೆಲದ ಮೇಲೆ ಕೂತುಬಿಟ್ಟೆ. ಮೊಣಕಾಲಂತೆ, ಮೊಣಕಾಲು!

ಪೆಟ್ಟಿಗೆಯನ್ನು ತಂದು ಅವರ ಮುಂದಿಟ್ಟೆ. ಕಣ್ಣು ಬಿಟ್ಟು ನೋಡಿದರು.

“ಇದ್ಯಾಕೆ ಬಂತು?” ಎಂದರು. ಚೀಟಿ ಓದಿ, “ಒಳ್ಳೇ ಮನುಷ್ಯ. ಆದ್ರೆ ರೂಲ್ಸ್ ಗೊತ್ತಿಲ್ಲ” ಎಂದರು.

“ಅವತ್ತೇ ಗೊತ್ತಾಗಿತ್ತಾ ನಿಮಗೆ?”

“ಎತ್ತಿದ ಕೂಡ್ಲೇ.” ಉಸಿರು ಎಳೆದುಕೊಂಡರು. “ತೂಕ ನೀನು ಸರಿಯಾಗೇ ಹಾಕಿದ್ದೆ. ಕಾಳಾದ್ರೆ ಓಡಾಡುತ್ತೆ ಕಣೇ. ಕಾಗದ ಕೂತಲ್ಲೇ ಕೂತಿರುತ್ತೆ.”

“ಬಾಯಿಬಿಟ್ಟು ಕೇಳಬಾರದಿತ್ತೇನ್ರೀ?”

“ಕೇಳಿದ್ನಲ್ಲ. ನೀನು ಬಟಾಣಿ ಅಂದೆ.”

ಆಮೇಲೆ ನಾನು ಅತ್ತೆ. ಅಳುತ್ತಲೇ ಜಗಳವಾಡಿದೆ, ನನಗೆ ಬೇರೆ ಬರುವುದಿಲ್ಲ. “ಗೊತ್ತಿದ್ರೆ ಯಾಕೆ ಕೂತ್ರಿ? ನಾಲ್ಕು ಪೆಟ್ಟಿಗೇಲಿ ಊಟ ಇತ್ತಲ್ಲ. ಅಲ್ಲೀವರೆಗಾದ್ರೂ ಹೋಗ್ಬಹುದಿತ್ತು!”

“ನೀನು ಸುಳ್ಳು ಕಟ್ಟೋ ಹಾಗಾಗಿದೆ ಅಂದ್ರೆ ಡಾಕ್ಟ್ರು ಏನೋ ಹೇಳಿದಾರೆ ಅಂತಾನೇ ಅಲ್ವಾ? ಹೊರಟ್ರೆ ದಾರೀಲೇ ಮುಗೀತೀನಿ ಅಂದ್ಕೊಂಡೆ. ಎಲ್ಲೋ ಬಿದ್ದು ನಿನಗ್ಯಾಕೆ ಒದ್ದಾಟ ಅಂತ ಕೂತೆ.” ಸ್ವಲ್ಪ ಹೊತ್ತು ಕೆಮ್ಮಿದರು. “ನೀನೇ ನನ್ನ ಕಳಿಸದೇ ಇದ್ಮೇಲೆ ಹೋಗೋದಾದ್ರೂ ಹೇಗೆ?”

ಹೇಳದೆ ಇರಬಹುದಿತ್ತು. ಹೇಳಬಾರದಿತ್ತು. ಆದರೆ ಆ ಫಾರಮ್ಮಿನ ಮೇಲಿನ ಅಕ್ಷರ ನೋಡಿದ ಮೇಲೆ ನನ್ನ ಬಾಯಲ್ಲಿ ಇನ್ನೊಂದು ಸುಳ್ಳು ಬರಲಿಲ್ಲ.

“ಡಾಕ್ಟ್ರು ನಾಲ್ಕರವರೆಗೆ ನಡೀಬಹುದು ಅಂದಿದ್ರು.”

ಅವರು ನನ್ನ ಕಡೆ ತಿರುಗಿದರು.

“ನಾಲ್ಕಾ?”

“ಹೂಂ. ನಿಧಾನವಾಗಿ ನಡೆದ್ರೆ ನಾಲ್ಕು.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಕಿಟಕಿಯ ಹತ್ತಿರವಿದ್ದ ಆ ರಟ್ಟಿನ ಮುಚ್ಚಳಕ್ಕೆ ಕೈ ಚಾಚಿದರು, ಎಟುಕಲಿಲ್ಲ. ನಾನೇ ಎತ್ತಿಕೊಟ್ಟೆ. ಒಡೆದ ಅಂಚಿನ ಮೇಲೆ ಹೆಬ್ಬೆರಳಿಟ್ಟುಕೊಂಡರು.

“ನಾಲ್ಕನೇ ಊರಲ್ಲೇ ಕಣೇ ಈ ಮೊಹರು ಇದ್ದದ್ದು” ಎಂದರು.

ಆಮೇಲೆ ಮುಚ್ಚಳವನ್ನು ನನ್ನ ಕೈಗೆ ಕೊಟ್ಟು, ಊಟಕ್ಕೇನು ಎಂದು ಕೇಳಿದರು.